ವಹಿ ತಂದೀರೇನ್ರಿ?

2017ರ ಸಂಕ್ರಮಣ ಮುಗಿದು ನಾಕು ದಿನ ಆಗಿತ್ತು. ಆ ವರ್ಷ ತೊಗರಿ ಬೆಳೆ ಚಲೋ, ದರ ಮಾತ್ರ ನೆಲ ಕಂಡಿತ್ತು. ಹನ್ನೊಂದು ಚೀಲ ಹೇರಿಕೊಂಡು ಅಡತಿ ಅಂಗಡಿಗೆ ಹೋದೆ. ಹಳೇ ಲೆಕ್ಕ ಚುಕ್ತಾ ಮಾಡಿದರೂ ಕೈಯಾಗ ಇಷ್ಟು ರೊಕ್ಕ ಉಳಿತದ ಅಂತ ದಾರಿಯುದ್ದಕ್ಕೂ ಎಣಿಸಿದ್ದೆ.

ಅಂಗಡಿಯವರು ಕೆಂಪು ವಹಿ ತೆಗೆದರು. ಬಿತ್ತಿಗೆ ಹೊತ್ತಿನಾಗ ಒಯ್ದದ್ದು, ಗೊಬ್ಬರಕ್ಕೆ ಒಯ್ದದ್ದು, ಮಗಳ ಬಾಣಂತನಕ್ಕೆ ಒಯ್ದದ್ದು ಎಲ್ಲಾ ತಾರೀಖು ಹಾಕಿ ಬರೆದಿತ್ತು. ಅದರಾಗ ಎರಡು ಬಾಬತ್ತು ನನಗೆ ನೆನಪೇ ಇಲ್ಲ. ನಡುವೆ ನಾನು ಕೊಟ್ಟೆ ಅಂತ ನೆನಪಿದ್ದ ನಾಕು ಸಾವಿರ ಅವರ ವಹಿಯಾಗ ಇಲ್ಲ. "ಯಾವತ್ತ ಕೊಟ್ಟೀರಿ, ತಾರೀಖ ಹೇಳ್ರಿ" ಅಂದರು. ಶ್ರಾವಣದಾಗ ಅಂದೆ. "ಶ್ರಾವಣದಾಗ ಯಾವ ದಿನ?" ಅಂದರು. ಅದಕ್ಕೆ ನನ್ನ ಕಡೆ ಉತ್ತರ ಇರಲಿಲ್ಲ.

ಅವರು ಮೋಸ ಮಾಡಿದರು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನನ್ನ ನೆನಪೇ ತಪ್ಪಿರಬಹುದು. ನನಗೆ ತ್ರಾಸಾದದ್ದೇ ಅದು. ಅವರ ಕಡೆ ವಹಿ ಇತ್ತು, ನನ್ನ ಕಡೆ ಬರೇ ಬಾಯಿ ಇತ್ತು. ವಹಿ ಮುಂದೆ ಬಾಯಿ ನಡೆಯುವುದಿಲ್ಲ. ಅವರು ಹೇಳಿದಷ್ಟು ಕೊಟ್ಟು, ಬಸ್ಸಿನ ರೊಕ್ಕ ಉಳಿಸಿಕೊಂಡು ಬಂದೆ.

ನನ್ನ ಹೊಲ ಸಿಂದಗಿ ತಾಲೂಕಿನಾಗ. ಎಂಟೆಕರೆ ಎರಿ, ಎರಡೆಕರೆ ಮಡ್ಡಿ. ಪೂರಾ ಮಳಿ ನಂಬಿದ ಭೂಮಿ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ, ಅಂಚಿಗೆ ಕುಸುಬಿ. ನಾನು ಕಲಿತದ್ದು ಏಳನೇ ಇಯತ್ತೆ. ಓದಲು ಬರ್ತದ, ಬರೆಯಲೂ ಬರ್ತದ, ಆದರೆ ಸಾಲಿ ಬಿಟ್ಟ ಮ್ಯಾಲೆ ಸಹಿ ಬಿಟ್ಟರೆ ಬೇರೆ ಏನೂ ಬರೆದವನಲ್ಲ. ಅಂಗಡಿಯಿಂದ ಬಂದ ದಿನವೇ ಊರ ಅಂಗಡ್ಯಾಗ ನೂರು ಹಾಳೆಯ ವಹಿ, ಒಂದು ಪೆನ್ನು ತಂದೆ. ಹನ್ನೊಂದು ದಿನ ಬರೆದೆ. ಹನ್ನೆರಡನೇ ದಿನ ರಾಶಿ ಇತ್ತು, ಮೈ ಹಣ್ಣಾಗಿತ್ತು, ನಾಳೆ ಬರೆದರಾಯಿತು ಅಂತ ಮಲಗಿದೆ. ಆ ನಾಳೆ ಬರಲೇ ಇಲ್ಲ. ಯುಗಾದಿಗೆ ಮತ್ತೆ ಶುರು ಮಾಡಿದೆ, ಆರು ದಿನ ನಡೆಯಿತು. ಮೂರನೇ ಸಲ ಎರಡು ದಿನ. ವಹಿ ಮಾಡದಾಗ ಧೂಳು ತಿನ್ನುತ್ತಾ ಕೂತಿತು.

ಯಾಕೆ ನಿಂತಿತು? ವೇಳೆ ಇಲ್ಲ ಅನ್ನುವುದು ಸುಳ್ಳು. ಕಟ್ಟಿ ಮ್ಯಾಲೆ ತಾಸುಗಟ್ಟಲೆ ಕೂತು ಮಾತಾಡಲಿಕ್ಕೆ ವೇಳೆ ಇತ್ತು. ಬರೆದೆನೋ ಬಿಟ್ಟೆನೋ ಕೇಳುವವರು ಯಾರೂ ಇರಲಿಲ್ಲ, ಅದು ಖರೆ ಕಾರಣ. ಎತ್ತಿಗೆ ಮೇವು ಹಾಕದಿದ್ದರೆ ಎತ್ತು ಕೂಗ್ತದ. ವಹಿ ಕೂಗುವುದಿಲ್ಲ.

ಸಂಘದ ಪುಸ್ತಕದಿಂದ ಸಿಕ್ಕ ದಾರಿ

2018ರ ಮಿರಗ ಮಳಿ ಹೊತ್ತಿಗೆ ನಮ್ಮ ಪಡಸಾಲ್ಯಾಗ ಒಂದು ವಾದ ಎದ್ದಿತು. 2009ರ ದೊಡ್ಡ ಮಳಿ ಎಷ್ಟು ದಿನ ಹಿಡಿದಿತ್ತು? ಮನಿ ಬಿದ್ದು, ಕಣಕಿ ಬಣವಿ ತೇಲಿಹೋದ ಮಳಿ ಅದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ಒಬ್ಬರು ಐದು ದಿನ ಅಂದರು, ಒಬ್ಬರು ಮೂರೇ ಅಂದರು, ನಮ್ಮ ಕಾಕಾ ಎಂಟು ದಿನ ಅಂತ ಹಟ ಹಿಡಿದರು. ಇಷ್ಟು ದೊಡ್ಡ ಮಳಿ, ಒಂಬತ್ತೇ ವರ್ಷಕ್ಕೆ ಊರಿನ ನೆನಪಿನಾಗ ಕಲಸಿಹೋಗಿತ್ತು.

ಒಳಗಿನಿಂದ ಚಹಾ ತಂದ ನನ್ನ ತಮ್ಮನ ಹೆಂಡತಿ ನಕ್ಕಳು. "ಬಾಯಿಲೆ ಎಷ್ಟಂತ ನೆನಪಿಡ್ತೀರಿ ಭಾವಾರ? ನಮ್ಮ ಸಂಘದ ಪುಸ್ತಕ ನೋಡ್ರಿ, ಹತ್ತು ವರ್ಷದ ಹಿಂದ ಯಾರು ಇಪ್ಪತ್ತು ರೂಪಾಯಿ ಕಟ್ಟಿಲ್ಲ ಅನ್ನೂದೂ ಅದರಾಗ ಅದ."

ಆಕಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವಾಕಿ. ಸರ್ಕಾರ 2000-01ರಾಗ ಶುರು ಮಾಡಿದ ಆ ಯೋಜನೆಯ ಸಂಘಗಳು ಹಳ್ಳಿ ಹಳ್ಳಿಗೆ ಆಗ್ಯಾವ, ನಿಮ್ಮ ಊರಾಗೂ ಇರ್ತಾವ. ನಾನು ಕೇಳಿದೆ, ನೀವೆಲ್ಲಾ ಕೆಲಸದ ಹೆಣ್ಣುಮಕ್ಕಳು, ಅದು ಹೆಂಗ ತಪ್ಪದೆ ನಡೀತದ ಅಂತ. ಆಕಿ ಅಂದಳು: "ವಾರಕ್ಕೊಮ್ಮಿ ಎಲ್ಲಾರ ಮುಂದ ಓದಬೇಕಲ್ರಿ. ಹದಿನೈದು ಮಂದಿ ಕಾಯ್ಕೊಂತ ಕೂತಿರ್ತಾರ. ಬರೀದ ಹೋಗೂದಾದ್ರೂ ಹೆಂಗ?"

ನಾನು ಒಂದೂವರೆ ವರ್ಷ ತಪ್ಪಿದ್ದು ಎಲ್ಲಿ ಅಂತ ಆವತ್ತು ತಿಳಿಯಿತು. ಮರುದಿನ ಆರು ಮಂದಿ ಆದೆವು. ನಾನು, ನನ್ನ ತಮ್ಮ, ತಮ್ಮನ ಹೆಂಡತಿ, ಬಾಜೂ ಹೊಲದ ಇಬ್ಬರು, ಮತ್ತೆ ಕಾಕಾ. ಕಾಕಾಗ ಅಕ್ಷರ ಬರುವುದಿಲ್ಲ. ಐದನೇ ಇಯತ್ತೆ ಓದುವ ಮೊಮ್ಮಗಳು ಬರೆಯುತ್ತಾಳ, ಅವರು ಹೇಳ್ತಾರ ಅಂತ ಆಯಿತು.

ದಿನಾ ದೀಪ ಹಚ್ಚಿದ ಮ್ಯಾಲೆ ನಮ್ಮ ಪಡಸಾಲ್ಯಾಗ ಕೂಡುವುದು. ನಾಕೇ ಸಾಲು. ಮಳಿ ಎಷ್ಟು, ಹೊಲದಾಗ ಏನು ಕೆಲಸ, ರೊಕ್ಕ ಬಂದದ್ದೆಷ್ಟು ಹೋದದ್ದೆಷ್ಟು, ಕಣ್ಣಿಗೆ ಬಿದ್ದ ಒಂದು ಸಂಗತಿ. ಒಬ್ಬೊಬ್ಬರೇ ಓದುವುದು. ಅಕ್ಷರ ತಪ್ಪಿದರೆ ಯಾರೂ ನಗಬಾರದು. ಎಲ್ಲಾ ಕೂಡಿ ಕಾಲು ತಾಸಿನ ಕೆಲಸ.

ದಂಡ ಹಾಕಿ ಕೆಟ್ಟೆವು

ಮೊದಲಿಗೆ ಒಂದು ಬುದ್ಧಿಗೇಡಿ ಕೆಲಸ ಮಾಡಿದೆವು. ಬರೆಯದೆ ಬಂದವರಿಗೆ ಐದು ರೂಪಾಯಿ ದಂಡ. ಎರಡನೇ ತಿಂಗಳಿಗೆ ಬಾಜೂ ಹೊಲದಾತ ನೂರೈವತ್ತು ರೂಪಾಯಿ ತಂದು ಇಟ್ಟ. "ಇದು ಇಡೀ ತಿಂಗಳದ್ದು ಮುಂಗಡ. ಇನ್ನ ನನ್ನ ಕೇಳಬ್ಯಾಡ್ರಿ" ಅಂದ. ಎಲ್ಲರೂ ನಕ್ಕೆವು, ಆದರೆ ಅವನು ಮಾಡಿದ್ದರಾಗ ಅರ್ಥ ಇತ್ತು. ದಂಡ ಕೊಟ್ಟರೆ ತಪ್ಪು ಮುಗೀತು ಅಂತ ಮನಸ್ಸು ಹಗುರ ಆಗ್ತದ. ದಂಡ ಕಿತ್ತು ಹಾಕಿದೆವು. ಬರೆಯದಿದ್ದರೂ ಬಂದು ಕೂಡಬೇಕು, ಬಾಯಿಲೆ ಹೇಳಬೇಕು, ಬಾಜೂ ಕೂತವರು ಅವನ ವಹಿಯಾಗ ಬರೆಯಬೇಕು ಅಂತ ಮಾಡಿದೆವು. ತನ್ನ ವಹಿಯಾಗ ಬೇರೆಯವರ ಅಕ್ಷರ ನೋಡಲಿಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಅದೇ ಮನಷ್ಯಾ ಎಂಟು ದಿನದಾಗ ಪೆನ್ನು ಹಿಡಿದ.

ನನ್ನ ತಮ್ಮ ಬೇರೆ ಆಟ ಹೂಡಿದ್ದ. ಹಳೇ ಹಾಳಿ ಓದಿದಂಗ ಮಾಡಿ ಬಾಯಿಲೆ ಹೇಳುವುದು, ಐತವಾರ ಕೂತು ಏಳು ದಿನದ್ದು ಒಮ್ಮೆಲೇ ಬರೆಯುವುದು. ಸಿಕ್ಕಿಬಿದ್ದದ್ದು ಮಳಿಯಿಂದ. ಒಂದು ಬುಧವಾರ ಅವನ ವಹಿಯಾಗ "ಸಂಜಿಗೆ ಮಳಿ" ಅಂತ ಇತ್ತು. ಉಳಿದ ಐದು ವಹಿಯಾಗ ಆವತ್ತು ಬಿಸಿಲು. ಮಳಿ ಗುರುವಾರ ಆಗಿತ್ತು. ಒಬ್ಬನೇ ಬರೆದಿದ್ದರೆ ಆ ಸುಳ್ಳು ಹಂಗೇ ಉಳಿದು, ಹತ್ತು ವರ್ಷದ ಮ್ಯಾಲೆ ಅದೇ ಖರೆ ಆಗಿಬಿಡುತ್ತಿತ್ತು.

ಒಂದು ತಪ್ಪು ಮಾತ್ರ ನಗುವಂಥದ್ದಲ್ಲ. ರೊಕ್ಕದ ಸಾಲನ್ನೂ ಎಲ್ಲರ ಮುಂದೆ ಓದುತ್ತಿದ್ದೆವು. ನಮ್ಮೊಳಗಿನ ಒಬ್ಬಾತನ ಕೈಗಡದ ಮಾತು ಪಡಸಾಲಿ ದಾಟಿ, ಅವನ ಮಗಳಿಗೆ ವರ ನೋಡಲಿಕ್ಕೆ ಬಂದ ಬೀಗರ ಕಿವಿಗೆ ಬಿದ್ದಿತು. ಆ ಮಾತು ಯಾರ ಬಾಯಿಂದ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಅವನು ವಹಿ ತೆಗೆದುಕೊಂಡು ಎದ್ದು ಹೋದ, ಮತ್ತೆ ಬರಲಿಲ್ಲ. ಈಗ ಕಣ್ಣಿಗೆ ಬಿದ್ದರೆ ಶರಣು ಅಂತಾನ, ಅಷ್ಟೇ. ಅವತ್ತಿನಿಂದ ರೊಕ್ಕದ ಲೆಕ್ಕ ವಹಿಯ ಹಿಂದಿನ ಹಾಳ್ಯಾಗ. ಬರೆದದ್ದನ್ನ ದೂರದಿಂದ ತೋರಿಸಿದರೆ ಸಾಕು, ಓದಬೇಕಿಲ್ಲ. ಇದನ್ನ ಮೊದಲೇ ಮಾಡಬೇಕಿತ್ತು. ನೀವು ಶುರು ಮಾಡುವುದಿದ್ದರೆ ಮೊದಲ ದಿನವೇ ಮಾಡ್ರಿ.

ಡಬ್ಬಿ, ಪಟ್ಟಿ, ಮಳಿ

ಮಳಿ ಎಷ್ಟು ಅಂತ ಬರೆಯುವಾಗ "ಭಾಳ", "ಜರಾ", "ಹದಾ ಆತು" ಅಂತಲೇ ಬರೆಯುತ್ತಿದ್ದೆವು. ಆರು ಮಂದಿಯ "ಭಾಳ" ಆರು ನಮೂನಿ. ಬಾಯಿ ಮತ್ತು ತಳ ಒಂದೇ ಅಗಲ ಇರುವ ನೆಟ್ಟಗಿನ ತಗಡಿನ ಡಬ್ಬಿ ಹುಡುಕಿದೆವು. ಗಿಡದಿಂದ, ಗ್ವಾಡಿಯಿಂದ ದೂರ, ಬಯಲಾಗ ಗೂಟಕ್ಕೆ ಕಟ್ಟಿದೆವು. ಸಾಲಿ ಹುಡುಗರ ಪಟ್ಟಿ ಇಳಿಬಿಟ್ಟು ಅಳೆಯುವುದು. ಪಟ್ಟಿಯ ತುದಿಯಿಂದಲೇ ಸೊನ್ನೆ ಶುರುವಾಗಬೇಕು, ಇಲ್ಲದಿದ್ದರೆ ತುದಿ ಕೊಯ್ದು ಸರಿ ಮಾಡಬೇಕು. ಹವಾಮಾನದವರು ಮುಂಜಾನೆ ಎಂಟೂವರೆಗೆ ಅಳೆಯುತ್ತಾರ, ನಾವೂ ಅದೇ ಹೊತ್ತು ಹಿಡಿದೆವು. ಅಳೆದು ನೀರು ಚೆಲ್ಲಬೇಕು, ಮರೆತರೆ ನಾಳಿನ ಲೆಕ್ಕ ಕೆಡ್ತದ.

ಒಂದು ಮಿಲಿಮೀಟರ್ ಮಳಿ ಅಂದರೆ ಎಕರೆಗೆ ನಾಕು ಸಾವಿರ ಲೀಟರಿನ ಮ್ಯಾಲೆ ನೀರು. 25 ಮಿಲಿಮೀಟರ್ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್. ಈ ಲೆಕ್ಕ ಓದಿದ ದಿನ ಕಾಕಾ ಭಾಳ ಹೊತ್ತು ಸುಮ್ಮನೆ ಕೂತರು. "ಇಷ್ಟ ನೀರ ಬಿಟ್ಟ ಕೊಟ್ಟ ಹಳ್ಳ ತುಂಬಸೇವಲ್ಲೋ ತಮ್ಮಾ" ಅಂದರು. ವಿಜಯಪುರದ ಒಣಬೇಸಾಯ ಸಂಶೋಧನೆಯವರು ಚೌಕು ಮಡಿ ಮಾಡ್ರಿ ಅಂತ ವರ್ಷಾನುಗಟ್ಟಲೆ ಹೇಳುತ್ತಲೇ ಬಂದಾರ. ಹಿಂಗಾರಿಗೆ ಬಿಟ್ಟ ಹೊಲದಾಗ ಮಳಿಗಾಲಕ್ಕೇ ಹತ್ತು ಹನ್ನೆರಡು ಅಡಿ ಚೌಕದ ಸಣ್ಣ ಮಡಿ ಕಟ್ಟಿ, ಬಿದ್ದ ನೀರು ಬಿದ್ದಲ್ಲೇ ಇಂಗಿಸುವುದು. ಕೇಳಿದ್ದೆವು, ಮಾಡಿರಲಿಲ್ಲ. ಆ ವರ್ಷ ಮಾಡಿದೆವು.

ಬಿತ್ತಿಗೆ ತಾರೀಖೂ ಹಂಗೇ. ಉತ್ತರಿ ಮಳಿಯಾಗ ಬಿತ್ತಿದ ಜೋಳ, ಹಸ್ತದಾಗ ಬಿತ್ತಿದ್ದು, ಚಿತ್ತಿಗೆ ಹೋದದ್ದು ಬೇರೆ ಬೇರೆ ವಹಿಯಾಗ ಇತ್ತು. ಚಿತ್ತಿಗೆ ಹೋದ ಜೋಳಕ್ಕೆ ತೆನಿ ತುಂಬುವ ಹೊತ್ತಿಗೆ ನೆಲದ ಹಸಿ ತೀರಿರ್ತದ ಅಂತ ಹಿರಿಯರು ಹೇಳುತ್ತಲೇ ಇದ್ದರು. ನಮ್ಮದೇ ಅಕ್ಷರದಾಗ ನಾಕು ವರ್ಷದ್ದು ಓದಿದಾಗ ನಂಬಿಕಿ ಬಂದಿತು. 2022ರಾಗ ತೊಗರಿಗೆ ನೆಟೆ ರೋಗ ಬಡಿದಾಗ ಯಾವ ಹೊಲದಾಗ ಎಷ್ಟು ವರ್ಷದಿಂದ ತೊಗರಿ ಮ್ಯಾಲೆ ತೊಗರಿ ಹಾಕೀವಿ ಅಂತ ವಹಿ ತಿರುವಿದೆವು. ಈ ರೋಗ ಮಣ್ಣಿನಾಗ ಉಳೀತದ. ಜೋಳ ಹಾಕಿ ಬೆಳಿ ಬದಲಿಸಿದ ತಾಕಿನಾಗ ನನ್ನ ಗಿಡ ಹೆಚ್ಚು ಉಳಿದಿದ್ದವು. ಆ ಹಾಳಿ ನೋಡದಿದ್ದರೆ ದೇವರ ಮ್ಯಾಲೆ ಹಾಕಿ ಸುಮ್ಮನಾಗುತ್ತಿದ್ದೆ.

ಬೆಳೆ ವಿಮಾದವರಿಗೂ ತಾರೀಖು ಬೇಕು. ಆಲಿಕಲ್ಲು ಬಿದ್ದು, ಹೊಲದಾಗ ನೀರು ನಿಂತು ಹಾಳಾದರೆ 72 ತಾಸಿನೊಳಗೆ ತಿಳಿಸಬೇಕು ಅಂತ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮ. ದಿನಾ ಬರೆಯುವವನಿಗೆ ಅದು ತಪ್ಪುವುದಿಲ್ಲ.

ನಾಕು ತಾಲೂಕಿಗೆ ಹಬ್ಬಿದ್ದು

ಎರಡನೇ ವರ್ಷಕ್ಕೆ ಬೀಗರು ಬಿಜ್ಜರಿಗೂ ಇದು ಅಂಟಿತು. ಬಸವನ ಬಾಗೇವಾಡಿ ಕಡೆಯ ಅಕ್ಕನ ಮಗ, ಮುದ್ದೇಬಿಹಾಳ ಕಡೆಯ ಬೀಗರು, ಇಂಡಿ ತಾಲೂಕಿನ ನನ್ನ ಹೆಂಡತಿಯ ತಮ್ಮ. ಅವರು ದಿನಾ ನಮ್ಮ ಪಡಸಾಲಿಗೆ ಬರುವುದು ಆಗದ ಮಾತು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಅವತ್ತು ಸಂಜಿಗೆ ಫೋನ್ ಹಚ್ಚಿ ವಾರದ್ದು ಓದುವುದು ಅಂತ ಆಯಿತು. ಮುದ್ದೇಬಿಹಾಳದ ಬೀಗರದು ಕಾಲುವೆ ನೀರಿನ ಹೊಲ, ಅವರ ವಹಿ ತುಂಬಾ ನೀರು ಬಿಟ್ಟ ದಿನ, ಬಂದಾದ ದಿನ. ಬಾಗೇವಾಡಿಯ ಅಳಿಯ ಡೋಣಿ ಹೊಳಿ ದಂಡಿಯವ, ಎಲ್ಲಿ ಮಣ್ಣು ಬೆಳ್ಳಗೆ ಉಪ್ಪು ಬಿಡ್ತು ಅನ್ನುವುದೇ ಅವನಿಗೆ ಹೆಚ್ಚಿನ ಚಿಂತಿ. ಇಂಡಿಯವ ಲಿಂಬಿ ಬೆಳೆಗಾರ.

ಈ ಲಿಂಬಿ ತೋಟದ ಮೈದುನನೇ ಒಮ್ಮೆ ಹಲಸಂಗಿ ಗೆಳೆಯರ ಮಾತು ತೆಗೆದ. ಹಲಸಂಗಿ ಆಗ ಇಂಡಿ ತಾಲೂಕಿನಾಗ ಇತ್ತು, ಈಗ ಚಡಚಣ ತಾಲೂಕು. ಮಧುರಚೆನ್ನ ಅನ್ನುವ ಹೆಸರಿನಿಂದ ಬರೆದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರೆಲ್ಲಾ ಕೂಡಿ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುವ ಪದ ಕೇಳಿ ಕೇಳಿ ಬರೆದುಕೊಂಡರು. 1931ರಾಗ 'ಗರತಿಯ ಹಾಡು', 1933ರಾಗ 'ಜೀವನ ಸಂಗೀತ', 1935ರಾಗ 'ಮಲ್ಲಿಗೆ ದಂಡೆ' ಅಚ್ಚಾದವು. ಮಧುರಚೆನ್ನರು ಸಾಲ್ಯಾಗ ಕಲಿತದ್ದು ಮುಲ್ಕಿ ತನಕ, ಅಂದರೆ ನನ್ನಷ್ಟೇ, ಏಳನೇ ಇಯತ್ತೆ. ಮುಂದಿನದೆಲ್ಲಾ ಸ್ವಂತ ಓದು. ಅವರ ಬುದ್ಧಿ ಎಲ್ಲಿ, ನಮ್ಮದೆಲ್ಲಿ, ಆ ಹೋಲಿಕಿ ಬ್ಯಾಡ. ನಾನು ಹೇಳುವುದು ಇಷ್ಟೇ. ಆ ಪುಸ್ತಕಗಳ ಹಿಂದೆ ಒಂದು ಹೆಸರಿಲ್ಲ, ಗೆಳೆಯರ ಗುಂಪಿನ ಹೆಸರು ಅದ. ಒಬ್ಬಾತ ನೂರು ಪದ ಬರೆದು ತಂದಾಗ ಇನ್ನೊಬ್ಬನಿಗೆ ಸುಮ್ಮನೆ ಕೂಡಲಿಕ್ಕೆ ಆಗಿರಲಿಕ್ಕಿಲ್ಲ ಅಂತ ನನಗೆ ಅನಸ್ತದ. ಮೂರು ಬಾಯಿ ದಾಟಿದರೆ ಕಳೆದುಹೋಗುವ ಪದ ಅವು, ಕೂಡಿ ಬರೆದದ್ದಕ್ಕೆ ಉಳಿದಾವ.

ಹತ್ತೊಂಬತ್ತು ಖಾಲಿ ದಿನ

2023 ಬಂದಿತು. ಮಳಿ ಕೈಕೊಟ್ಟಿತು. ರಾಜ್ಯದ ಹೆಚ್ಚಿನ ತಾಲೂಕು ಬರಪೀಡಿತ ಅಂತ ಸರ್ಕಾರವೇ ಸಾರಿತು. ನಮ್ಮ ಡಬ್ಬಿ ವಾರಗಟ್ಟಲೆ ಒಣಗಿ ಕೂತಿತ್ತು, ಜೇಡ ಬಲಿ ಹೆಣೆದಿತ್ತು. ಅದನ್ನೂ ಬರೆದೆವು. ಮುಂದಿನ ಬ್ಯಾಸಿಗಿಗೆ ಇಂಡಿಯ ಮೈದುನನ ಬೋರು ನಿಂತಿತು. ಅವನು ಟ್ಯಾಂಕರ್ ನೀರು ಹಾಕಿಸುತ್ತಿದ್ದ. ಸೋಮವಾರ ಫೋನಿನಾಗ "ಟ್ಯಾಂಕರ್ ಎರಡು", "ಟ್ಯಾಂಕರ್ ಮೂರು" ಅಂತ ಓದುತ್ತಿದ್ದ. ಒಂದು ಸೋಮವಾರ ಫೋನ್ ಎತ್ತಲಿಲ್ಲ. ಕೆಲಸ ಇದ್ದೀತು ಅಂದುಕೊಂಡೆವು. ಎರಡನೇ ಸೋಮವಾರ ಎತ್ತಿ "ಬರದಿಲ್ಲ ಮಾಮಾ" ಅಂದ, ಇಟ್ಟುಬಿಟ್ಟ. ಮೂರನೇ ಸೋಮವಾರ ಫೋನೇ ಬಂದ್.

ನನ್ನ ತಮ್ಮನ ಹೆಂಡತಿ ಆ ರಾತ್ರಿಯೇ ಅಂದಳು, "ಭಾವಾರ, ಸಂಘದಾಗ ಯಾರರೆ ಎರಡ ವಾರ ಬರಲಿಲ್ಲಂದ್ರ ನಾವು ಮನೀಗಿ ಹೋಗ್ತೀವಿ. ನೀವು ಯಾಕ ಕೂತೀರಿ?" ಮರುದಿನ ಮೊದಲ ಬಸ್ಸಿಗೆ ನಾನು, ನನ್ನ ಹೆಂಡತಿ ಹೋದೆವು.

ಅಂವ ಹೊರಸಿನ ಮ್ಯಾಲೆ ಮಲಗಿದ್ದ, ಗಡ್ಡ ಬಂದಿತ್ತು. ವಹಿ ತೆಗೆದು ನೋಡಿದೆ. ಕೊನೇ ಸಾಲು "ಟ್ಯಾಂಕರ್ 2". ಅದರ ಮುಂದೆ ತಾರೀಖು ಮಾತ್ರ ಹಾಕಿದ್ದ, ಹತ್ತೊಂಬತ್ತು ತಾರೀಖು, ಪ್ರತಿಯೊಂದರ ಮುಂದೆ ಖಾಲಿ. ದಿನಾ ವಹಿ ತೆಗೆದಿದ್ದ, ಬರೆಯಲಿಕ್ಕೆ ಕೈ ಬಂದಿರಲಿಲ್ಲ.

"ಏನ್ ಬರೀಲಿ ಮಾಮಾ? ಒಣಗಿದ ಗಿಡ ಎಣಿಸಿ ಬರೀಲೇನು?" ಅಂದ.

"ಎಣಿಸೇ ಬರಿ. ನಾನೂ ಬರ್ತೀನಿ ನಡಿ" ಅಂದೆ.

ಬಿಸಿಲಾಗ ಇಬ್ಬರೂ ತೋಟ ತಿರುಗಿದೆವು. 210 ಗಿಡ. ಪೂರಾ ಒಣಗಿದ್ದು 84. ಅರ್ಧ ಜೀವ 61. ಹಸರು ಇದ್ದದ್ದು 65. ಸಾಲಿಗೆ ಸಾಲು ನಿಂತು ಬರೆದೆವು, ಅಂವ ಹೇಳಿದ, ನಾನು ಬರೆದೆ, ನಡುವೆ ಅವನೇ ಪೆನ್ನು ಇಸಕೊಂಡ. ಇಷ್ಟು ದಿನ ಟ್ಯಾಂಕರ್ ನೀರನ್ನ ಸತ್ತ ಗಿಡಕ್ಕೂ ಸೇರಿಸಿ ಎಲ್ಲಾ ಗಿಡಕ್ಕೆ ಹಂಚುತ್ತಿದ್ದ. ಇಡೀ ತೋಟ ಹೋಯಿತು ಅಂತ ತಲಿಯಾಗ ಕೂತಿತ್ತು, ಎಣಿಸಿ ನೋಡಿದ್ದಿಲ್ಲ. ಅವತ್ತಿನಿಂದ ನೀರು 126 ಗಿಡಕ್ಕೆ ಮಾತ್ರ, ಬುಡಕ್ಕೆ ಕಣಕಿ, ಎಲಿ ಮುಚ್ಚಿಗೆ. ರಾತ್ರಿ ಊಟಕ್ಕೆ ಕೂತಾಗ ವಹಿಯ ಹಿಂದಿನ ಹಾಳಿ ತೆಗೆದು ತನ್ನ ಅಕ್ಕನ ಮುಂದೆ ಇಟ್ಟ. ಮೂರು ಕಡೆ ಸಾಲ ಇತ್ತು. ಒಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಹತ್ತೊಂಬತ್ತು ದಿನ ಅಂವ ಏನು ವಿಚಾರ ಮಾಡಿದ್ದ ಅಂತ ನಾನು ಕೇಳಲಿಲ್ಲ, ಅಂವ ಹೇಳಲಿಲ್ಲ. ನನ್ನ ಹೆಂಡತಿ ಎಂಟು ದಿನ ಅಲ್ಲೇ ಉಳಿದಳು. ಸಾಲ ಇನ್ನೂ ತೀರಿಲ್ಲ. ಅರ್ಧ ಜೀವದ ಗಿಡಗಳಾಗ ಮೂವತ್ತರ ತನಕ ಚಿಗುರಿದಾವ, ಉಳಿದವು ಹೋದವು.

ಅಂದಿನಿಂದ ನಮ್ಮ ಗುಂಪಿನಾಗ ಒಂದು ನಿಯಮ ಹೆಚ್ಚಾಗ್ಯಾದ. ಮೂರು ದಿನ ಯಾರ ವಹಿ ಖಾಲಿ ಇದ್ದರೂ ಒಬ್ಬರು ಮನಿಗೆ ಹೋಗಬೇಕು. ಯಾಕ ಬರದಿಲ್ಲ ಅಂತ ಕೇಳಬಾರದು. ಚಹಾ ಕುಡಿದು, ಹೊಲ ನೋಡಿ ಬರಬೇಕು.

ಅಡತಿ ಅಂಗಡಿ ಮಾತು ಅರ್ಧಕ್ಕೆ ಬಿಟ್ಟಿದ್ದೆ. 2021ರಾಗ ಅದೇ ಅಂಗಡಿಗೆ ನನ್ನ ವಹಿ ತೆಗೆದುಕೊಂಡು ಹೋದೆ. ಎರಡೂ ವಹಿ ಬಾಜೂ ಬಾಜೂ ಇಟ್ಟು ಓದಿದೆವು. ಒಂದೇ ಒಂದು ಕಡೆ ಫರಕು. ಹುಡುಕಿದರೆ ತಪ್ಪು ನನ್ನದೇ. ಪಟ್ಟಿ ತಂದ ದಿನ ಬರೆಯದೆ ಮರುದಿನ ಬರೆದಿದ್ದೆ, ಒಂದು ಸೊನ್ನೆ ಬಿಟ್ಟಿತ್ತು. ಅಂಗಡಿಯವರು ನಕ್ಕು ಚಹಾ ತರಿಸಿದರು. ನಾಚಿಕಿ ಆಯಿತು ಖರೆ, ಆದರೆ 2017ರಾಗ ಆದಂಥ ಸಂಕಟ ಆಗಲಿಲ್ಲ.

ಕಾಕಾ ಅದೇ ವರ್ಷ ತೀರಿಕೊಂಡರು. ಅಕ್ಷರ ಬಾರದ ಅವರ ವಹಿಯೇ ನಮ್ಮೆಲ್ಲರಿಗಿಂತ ತುಂಬಿದ್ದು. ಬೇವಿನ ಗಿಡದ ಯಾವ ದಿಕ್ಕಿನ ಟೊಂಗಿಗೆ ಕಾಗಿ ಗೂಡು ಕಟ್ಟಿತು, ಇರುವಿ ಯಾವತ್ತು ತತ್ತಿ ಹೊತ್ತು ಮ್ಯಾಲೆ ಹೊಂಟವು, ಎಲ್ಲಾ ಅದರಾಗ ಅದ. ಬರೆದ ಮೊಮ್ಮಗಳು ಈಗ ಪಿಯುಸಿ ಓದುತ್ತಾಳ. ಅಜ್ಜನ ಜಾಗಾದಾಗ ಆಕಿಯೇ ಬಂದು ಕೂಡ್ತಾಳ, ತನ್ನದು ಓದುತ್ತಾಳ.

ಹುಡುಗರು ಈಗ ಮೊಬೈಲಿನಾಗೇ ಬರೀತೀವಿ ಅಂತಾರ. ಅಕ್ಕನ ಮಗ ಹಂಗೇ ಮಾಡಿದ. ಡೋಣಿ ದಾಟುವಾಗ ಮೊಬೈಲ್ ನೀರಿಗೆ ಬಿದ್ದು ನಾಕು ತಿಂಗಳ ಬರಹ ಹೋಯಿತು. ಆದರೂ ಅವನು ವಹಿಗೆ ಬರಲಿಲ್ಲ, ಹೊಸ ಮೊಬೈಲ್ ತಂದಾನ. ಬ್ಯಾಡ ಅನ್ನಲಿಕ್ಕೆ ನಾವು ಯಾರು. ದಿನಾ ಬರೀತಾನ, ಸೋಮವಾರ ಸಂಜಿ ಏಳಕ್ಕೆ ತಪ್ಪದೆ ಓದುತ್ತಾನ.